ಏಳನೆಯ ದಿನ ಬಾಗಿಲು ತಟ್ಟುವವರು ಯಾರು?

ಮುನ್ಸೂಚನೆಯಿಲ್ಲದೆ ಸತತ ಏಳು ದಿನ ತರಗತಿಗೆ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದೇ ಪರಿಗಣಿಸಬೇಕು ಎಂಬುದು ಕರ್ನಾಟಕದಲ್ಲಿ ಒಪ್ಪಿಕೊಂಡಿರುವ ಮಾನದಂಡ. ಇದು ಒಳ್ಳೆಯ ನಿಯಮ. ವಾರದೊಳಗೆ ವಿಚಾರಿಸಿದರೆ ಮಗು ಇನ್ನೂ ಊರಲ್ಲೇ ಇರುತ್ತದೆ, ಪುಸ್ತಕಗಳು ಚೀಲದಲ್ಲೇ ಇರುತ್ತವೆ. ಎರಡು ತಿಂಗಳು ಕಳೆದ ಮೇಲೆ ಹೋದರೆ ಅದು ಕೂಲಿಯ ಕಾಸಿಗೆ ಒಗ್ಗಿಕೊಂಡಿರುತ್ತದೆ. ಆದರೆ ಏಳನೆಯ ದಿನ ಆ ಮನೆಯ ಬಾಗಿಲು ತಟ್ಟುವವರು ಯಾರು?

2013ರಲ್ಲಿ ಪತ್ರಿಕಾ ವರದಿಯೊಂದನ್ನು ಗಮನಿಸಿ ಕರ್ನಾಟಕ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಪ್ರಕರಣ ವರ್ಷಗಟ್ಟಲೆ ನಡೆಯಿತು. ಮನೆ ಮನೆ ಸಮೀಕ್ಷೆಯ ಬಳಿಕ 2022ರಲ್ಲಿ ನ್ಯಾಯಾಲಯದ ಮುಂದೆ ಬಂದ ಲೆಕ್ಕದ ಪ್ರಕಾರ, 6ರಿಂದ 14 ವರ್ಷದೊಳಗಿನ 15 ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಯ ಹೊರಗಿದ್ದರು. ಸಮೀಕ್ಷೆಯ ದಿನ ಬೀಗ ಹಾಕಿದ ಮನೆಯ ಮಗು ಇಂಥ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಚೋರನೂರು ಹೋಬಳಿಯಂಥ ಕಡೆ ಈ ಬೀಗ ಹಾಕಿದ ಮನೆ ದೊಡ್ಡ ಪ್ರಶ್ನೆ. ಮಳೆಯನ್ನೇ ನಂಬಿದ ಹೊಲಗಳ ಸೀಮೆಯಲ್ಲಿ ಬೆಳೆ ಕೈಕೊಟ್ಟರೆ ಬಡ ಕುಟುಂಬ ಗಂಟುಮೂಟೆ ಕಟ್ಟುತ್ತದೆ. ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯೂ ಜೊತೆಗೆ ಹೊರಡಬೇಕಾಗುತ್ತದೆ. ಇದೇ ತಾಲೂಕಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳಲ್ಲಿ ಮಕ್ಕಳೂ ಅದಿರು ಒಡೆಯುವ, ಹೊರುವ ಕೆಲಸಕ್ಕೆ ಇಳಿದಿದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು. ಮುಂದೆ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಆದರೆ ಮಗುವನ್ನು ದುಡಿಮೆಗೆ ಕಳುಹಿಸುವ ಬಡತನಕ್ಕೆ ಯಾವ ನ್ಯಾಯಾಲಯವೂ ತಡೆಯಾಜ್ಞೆ ಕೊಡಲಾರದು.

ಸರಕಾರ ಸುಮ್ಮನೆ ಕುಳಿತಿಲ್ಲ. ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2013ರಲ್ಲಿ ಕ್ಷೀರಭಾಗ್ಯ ಬಂತು. ಹಸಿದ ಮಗುವನ್ನು ಶಾಲೆಗೆ ಕರೆತರುವಲ್ಲಿ ಇವುಗಳ ಪಾತ್ರ ದೊಡ್ಡದು. ಆದರೆ ಊರಲ್ಲೇ ಇಲ್ಲದ ಮಗುವಿಗೆ ಊಟ ಬಡಿಸುವುದು ಹೇಗೆ?

ಇಲಾಖೆಗಳು ಕೈಜೋಡಿಸಬೇಕಾದದ್ದು ಇಲ್ಲಿಯೇ. ಮಗು ಬಂದಿಲ್ಲವೆಂದು ಶಿಕ್ಷಕರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಮನೆಯ ಕಷ್ಟ ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ತಿಳಿದಿರುತ್ತದೆ. ಊರಲ್ಲೇ ಕೂಲಿ ಕೆಲಸ ಒದಗಿಸುವ ದಾರಿ ಗ್ರಾಮ ಪಂಚಾಯತಿನ ಬಳಿ ಇದೆ. ಮಗುವನ್ನು ದುಡಿಸುವವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಕಾರ್ಮಿಕ ಇಲಾಖೆಯದು. ಹೆತ್ತವರು ಗುಳೆ ಹೋದರೂ ಮಗು ಊರಲ್ಲೇ ಉಳಿದು ಓದಲು ಹಾಸ್ಟೆಲ್ ಬೇಕು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ವಾರದೊಳಗೆ ತಲುಪದಿದ್ದರೆ ಪ್ರತಿಯೊಂದು ಇಲಾಖೆಯೂ ತನ್ನ ಕೆಲಸ ಮಾಡಿರುತ್ತದೆ, ಮಗು ಮಾತ್ರ ಕೈತಪ್ಪಿರುತ್ತದೆ.

ಹಣದ ಕೊರತೆಯ ಮಾತನ್ನು ಸಂಡೂರಿನ ಮಟ್ಟಿಗೆ ಒಪ್ಪುವುದು ಕಷ್ಟ. 2015ರ ಕಾನೂನು ತಿದ್ದುಪಡಿಯ ನಂತರ ಗಣಿ ಕಂಪೆನಿಗಳು ರಾಜಧನದ ಮೇಲೆ ಶೇಕಡಾ 10 ಅಥವಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಗಣಿಬಾಧಿತ ಜನರಿಗಾಗಿರುವ ಈ ನಿಧಿಯಲ್ಲಿ ಶಿಕ್ಷಣಕ್ಕೆ ಆದ್ಯತೆ ಇದೆ. ಕಟ್ಟಡ ಕಟ್ಟಿದರೆ ಫಲಕ ಹಾಕಬಹುದು. ಮನೆ ಮನೆಗೆ ಹೋಗಿ ಮಗುವನ್ನು ಕರೆತರುವ ಕೆಲಸಕ್ಕೆ ಫಲಕವಿಲ್ಲ. ಆದರೂ ಹಣ ಮೊದಲು ಸೇರಬೇಕಾದದ್ದು ಅಲ್ಲಿಗೇ.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯುತ್ತದೆ. ಇಲಾಖೆಗಳ ಸಹಕಾರ ತಾಲೂಕಿನ ಗಡಿಗೆ ಬಂದು ನಿಲ್ಲುತ್ತದೆ, ಕುಟುಂಬ ಗಡಿ ದಾಟಿ ಹೋಗುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಮುಂಚೆಯೇ ಯೋಚಿಸಿದೆ. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎನ್ನುತ್ತದೆ ಅದರ 9ನೆಯ ಕಲಂ. ವರ್ಗಾವಣೆ ಪತ್ರ ತಡವಾಯಿತೆಂದು ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುತ್ತದೆ 5ನೆಯ ಕಲಂ. ಅಂದರೆ ಮಗು ಹೊರಟ ಊರಿನಷ್ಟೇ ಜವಾಬ್ದಾರಿ ಅದು ಬಂದಿಳಿದ ಊರಿಗೂ ಇದೆ.

ಬಂದಿಳಿಯುವ ಆ ಊರುಗಳಲ್ಲಿ ನಮ್ಮ ಕರಾವಳಿಯೂ ಸೇರಿದೆ. ಮಂಗಳೂರು, ಉಡುಪಿಯ ಕಟ್ಟಡ ಕಾಮಗಾರಿಗಳಲ್ಲಿ, ರಸ್ತೆ ಬದಿಯ ಶೆಡ್‌ಗಳಲ್ಲಿ ಉತ್ತರ ಕರ್ನಾಟಕದ ಕುಟುಂಬಗಳನ್ನು ನಾವು ದಿನವೂ ಕಾಣುತ್ತೇವೆ. ಮರಳಿನ ರಾಶಿಯ ಬಳಿ ತಮ್ಮನನ್ನು ಎತ್ತಿಕೊಂಡು ನಿಂತ ಹುಡುಗಿಯ ಹೆಸರು ಯಾವುದೋ ಊರಿನ ಹಾಜರಿ ಪುಸ್ತಕದಲ್ಲಿ ಇನ್ನೂ ಇರಬಹುದು. ಹೊಸ ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಯೊಡನೆ ಸಿಮೆಂಟಿನ ಲೆಕ್ಕ ಕೇಳುವಾಗ ಮಕ್ಕಳ ಲೆಕ್ಕವನ್ನೂ ಕೇಳಲಿ. ನಮ್ಮ ವಾರ್ಡುಗಳ ಗುರಿಕಾರರು ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಮಾತು ತಿಳಿಸಲಿ. ನಮ್ಮ ಅನುದಾನಿತ ಶಾಲೆಗಳು ಕಾಗದಪತ್ರ ಕೇಳುವ ಮುನ್ನ ಮಗುವನ್ನು ಒಳಗೆ ಕೂರಿಸಲಿ. ಮಗುವನ್ನು ದುಡಿಸುತ್ತಿರುವುದು ಕಂಡರೆ 1098ಕ್ಕೆ ಕರೆ ಮಾಡಲು ಯಾರೂ ಹಿಂಜರಿಯಬಾರದು.

ಸುತ್ತೋಲೆ ಬೆಂಗಳೂರಿನಿಂದ ಹೊರಡುತ್ತದೆ, ಮಗು ಚೋರನೂರಿನಂಥ ಊರಿನಿಂದ ಹೊರಡುತ್ತದೆ. ಎರಡೂ ಸಂಧಿಸುವ ಜಾಗ ನಮ್ಮ ಬೀದಿಯೇ ಆಗಿದ್ದರೆ, ಏಳನೆಯ ದಿನ ಬಾಗಿಲು ತಟ್ಟುವ ಸರದಿ ನಮ್ಮದು.