ಚೈನಿಗೊಂದು ಕವಚ ಬೇಡವೇ?

ಕಳೆದ ವಾರ ನನ್ನ ಹಳೆಯ ಶಿಷ್ಯನೊಬ್ಬನು ತಾನು ದುರಸ್ತಿಗೊಳಿಸಿದ ಜಾವಾ ಮೋಟಾರ್ ಸೈಕಲ್ಲನ್ನು ತೋರಿಸಲು ಮನೆಗೆ ಬಂದಿದ್ದನು. 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸದು. ಬಣ್ಣವೇನೋ ಹೊಳೆಯುತ್ತಿತ್ತು, ಆದರೆ ಚೈನು ಬೆತ್ತಲಾಗಿತ್ತು. ಅದನ್ನು ಪೂರ್ತಿ ಮುಚ್ಚುವ ತಗಡಿನ ಕವಚವೆಲ್ಲಿ ಎಂದು ಕೇಳಿದೆ. "ತೆಗೆದರೇ ಅಂದ ಸಾರ್, ಚೈನು ಬಿಗಿ ಮಾಡುವುದೂ ಸುಲಭ" ಎಂದನು.

ಸುಲಭವೆಂಬುದು ನಿಜವೇ. ಆದರೆ ಧೂಳು, ಕೆಸರು ತಾಗದ ಚೈನು ಬೇಗ ಸವೆಯದು. ಪದೇ ಪದೇ ಬಿಗಿ ಮಾಡುವ ಪ್ರಮೇಯವೂ ಬಾರದು. ಬಿಗಿ ಮಾಡುವಾಗಲೂ ತುಸು ಸಡಿಲ ಉಳಿಸಬೇಕು. ಹಿಂದಿನ ಚಕ್ರವು ಹಳ್ಳದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿ ಬದಲಾಗುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗುಗಳಿಗೆ ಕೇಡು.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಾಲ್ಕು ದಶಕಗಳ ಹಿಂದೆ, ಸ್ನೇಹಿತರಿಂದ ಎರವಲು ತಂದ ಕವಚವಿಲ್ಲದ ಗಾಡಿಯ ಚೈನಿಗೆ ನನ್ನ ಶ್ರೀಮತಿಯ ಸೆರಗು ಸಿಲುಕಿ ಇಬ್ಬರೂ ರಸ್ತೆಗೆ ಬಿದ್ದೆವು. ಅವಳ ಮಣಿಕಟ್ಟು ಇಂದಿಗೂ ಚಳಿಗಾಲದಲ್ಲಿ ನೋಯುತ್ತದೆ.

ಹಳೆಯ ಯಂತ್ರವನ್ನು ಉಳಿಸುವವರು ಅದನ್ನು ರೂಪಿಸಿದವರ ವಿವೇಕವನ್ನೂ ಉಳಿಸಬೇಕೆಂಬುದು ನನ್ನ ಅಭಿಪ್ರಾಯ. ಶಿಷ್ಯನಿಗೆ ಇಷ್ಟೇ ಹೇಳಿದೆ: "ಕವಚವನ್ನು ಮರಳಿ ಕೂರಿಸು, ಆಮೇಲೆ ನಿನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊ."