ಆಡುವವನು ಹುಡುಗ, ಗೆಲ್ಲುವವನು ಯಾರು?

ಕೆಂಗಲ್ಲಿನ ಸುತ್ತಣ ಊರುಗಳಲ್ಲಿ ನಾಲ್ಕು ಜನ ತಾಯಂದಿರು ಕೂಡಿದ ಕಡೆ ಈಗ ಒಂದೇ ದೂರು. ಹುಡುಗ ಫೋನಿನ ಆಟ ಬಿಡುವುದಿಲ್ಲ, ಕರೆದರೆ ಸಿಡುಕುತ್ತಾನೆ, ಕಸಿದುಕೊಂಡರೆ ಊಟ ಬಿಡುತ್ತಾನೆ. ದೂರು ಕೇಳಿದ ದೊಡ್ಡವರು ಕೊಡುವ ತೀರ್ಪೂ ಒಂದೇ: ಹುಡುಗ ಕೆಟ್ಟ, ತಾಯಿ ಸದರ ಕೊಟ್ಟಳು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಫೋನು ಮನೆಗೆ ಬಂದುದು ಹೇಗೆಂಬುದನ್ನು ಮೊದಲು ನೆನೆಯಬೇಕು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಪಾಠ ಫೋನಿನಲ್ಲಿ ಬರುತ್ತದೆ, ಕೊಡಿಸಿ ಎಂದರು. ರಾಮನಗರದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚುವ ಹೆಂಗಸರು, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗು ಹಚ್ಚುವವರು ಕೈಸಾಲ ಮಾಡಿ ಕೊಡಿಸಿದರು. ಫೋನಿನ ಪಾಠ ನಿಂತಿತು, ಫೋನು ಉಳಿಯಿತು. ತಂದೆ ಬಿಡದಿಯ ಕಾರ್ಖಾನೆಯ ಪಾಳಿಗೂ ತಾಯಿ ನೂಲಿನ ಕೆಲಸಕ್ಕೂ ಹೋದ ಮನೆಯಲ್ಲಿ ಹದಿನಾಲ್ಕರ ಹುಡುಗನಿಗೆ ಅದೇ ಸಂಗಾತಿಯಾಯಿತು.

ಆ ಆಟದಲ್ಲಿ ಅವನಿಗೆ ಸಿಕ್ಕುವುದಾದರೂ ಏನು? ಗಣಿತದಲ್ಲಿ ಹನ್ನೆರಡು ಅಂಕ ಬಂದ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸಿ, ದನ ಕಾಯಲು ಹೋಗು ಎನ್ನುವವರಿದ್ದಾರೆ. (ದನ ಕಾಯುವುದು ಕೀಳು ಕಸುಬೆಂದು ಕೆಂಗಲ್ಲಿನ ದನಗಳ ಜಾತ್ರೆ ಕಂಡವರು ಹೇಳಲಾರರು.) ಆಟದೊಳಗೆ ಅದೇ ಹುಡುಗನಿಗೆ ಪದವಿಯುಂಟು, ದಳವುಂಟು, ನೀನು ಬಾರದೆ ನಡೆಯದು ಎನ್ನುವ ಗೆಳೆಯರುಂಟು. ಮನಸ್ಸು ಕುಗ್ಗಿದವನು ಆಡುತ್ತಾನೆ. ಆಡಿ ನಿದ್ರೆಗೆಟ್ಟವನ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಇಂಥವನ ಕೈಯಿಂದ ಏಕಾಏಕಿ ಕಿತ್ತುಕೊಂಡವರಿಗೆ ಅದು ಬರಿಯ ಫೋನು. ಅವನಿಗೆ ಮರ್ಯಾದೆಯಿದ್ದ ಒಂದೇ ಜಾಗ.

ಆಡುವವರೆಲ್ಲ ರೋಗಿಗಳೆಂದು ನಾವು ಹೇಳುತ್ತಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇದನ್ನು ಕಾಯಿಲೆಯೆಂದು ಸೇರಿಸಿದೆ, ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಮಿಕ್ಕೆಲ್ಲಕ್ಕಿಂತ ಆಟವೇ ಮೇಲಾಗಿ, ಕೇಡು ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕೆಂದು ಅದು ಹೇಳುತ್ತದೆ. ಅಂಥವರು ಕೆಲವರೇ.

ಇನ್ನು ಗೆಲ್ಲುವವನ ವಿಚಾರ. ಚನ್ನಪಟ್ಟಣದ ಕುಶಲಕರ್ಮಿ ಆಲೆಮರದ ಬುಗುರಿಯನ್ನು ಒಮ್ಮೆ ಮಾರಿ ಬೆಲೆ ಪಡೆಯುತ್ತಾನೆ. ಹುಡುಗ ಎಷ್ಟು ಹೊತ್ತು ಆಡಿದರೂ ಆಮೇಲೆ ಅವನಿಗೆ ಒಂದು ಕಾಸೂ ಹುಟ್ಟುವುದಿಲ್ಲ. ಫೋನಿನ ಆಟವನ್ನು ಬಿಟ್ಟಿ ಕೊಡುತ್ತಾರೆ. ಕೊಟ್ಟವನ ಸಂಪಾದನೆಯೆಲ್ಲ ಹುಡುಗ ಅಲ್ಲೇ ಕೂತಿರುವುದರಲ್ಲಿದೆ: ಜಾಹೀರಾತು, ಬಂದೂಕಿಗೆ ಬಣ್ಣದ ಹೊದಿಕೆ, ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಪೆಟ್ಟಿಗೆ. ಆದುದರಿಂದಲೇ ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ ಎಂದು ಆಟವನ್ನು ಹೆಣೆದಿರುತ್ತಾರೆ. ದೊಡ್ಡ ಸಂಬಳದ ಜಾಣರು ಹೆಣೆದ ಈ ಬಲೆಯಿಂದ ಎಂಟನೆಯ ತರಗತಿಯ ಹುಡುಗ ಕೇವಲ ಮನೋಬಲದಿಂದ ಹೊರಬರಬೇಕಂತೆ!

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಅದೇ ಕಾನೂನು ಇ-ಸ್ಪೋರ್ಟ್ಸಿಗೆ ಪ್ರೋತ್ಸಾಹ ಕೊಡುತ್ತದೆ. ದುಡ್ಡು ಕಳೆದುಕೊಂಡವರ ಕೂಗು ದೆಹಲಿಗೆ ಮುಟ್ಟಿತು; ಸಂಜೆಯನ್ನೂ ನಿದ್ರೆಯನ್ನೂ ಕಳೆದುಕೊಳ್ಳುವ ಹುಡುಗನದು ಮುಟ್ಟಲಿಲ್ಲ. 2020ರಲ್ಲಿ ಪಬ್‌ಜಿಯನ್ನು ನಿಷೇಧಿಸಿದರು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರು ಹೊತ್ತು ಬಂತು. ನಡುವೆ ಒಮ್ಮೆ ತೆಗೆದುಹಾಕಿ 2023ರ ಮೇ ತಿಂಗಳಲ್ಲಿ ಮರಳಿ ಬಿಟ್ಟಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದರು. ದಿನಕ್ಕೆ 3 ಗಂಟೆ! ಇದನ್ನು ಮಿತಿಯೆಂದು ಕರೆದವರ ಧೈರ್ಯ ಮೆಚ್ಚಬೇಕಾದ್ದೇ. 2021ರಲ್ಲಿ ಚೀನ ಮಕ್ಕಳಿಗೆ ವಾರಕ್ಕೆ 3 ಗಂಟೆ ಎಂದು ಕಟ್ಟಪ್ಪಣೆ ಮಾಡಿತು. ಪ್ರತಿಯೊಬ್ಬರ ಮೇಲೂ ಕಣ್ಣಿಡುವ ಆ ದಾರಿಯೂ ನಮಗೆ ಬೇಡ.

ನಮ್ಮ ರಾಜ್ಯ ಸರ್ಕಾರದ ನಡೆ ನೋಡಿ. 2024ರಿಂದ 2029ರವರೆಗಿನ ನೀತಿಯೊಂದನ್ನು ಮಾಡಿ ಆನಿಮೇಷನ್, ಗೇಮಿಂಗ್ ಉದ್ಯಮಗಳಿಗೆ ನೆರವು ಘೋಷಿಸಿದೆ. ಅದೇ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಫೋನು, ಆಟಗಳ ಗೀಳಿಗೆ ಬಿದ್ದವರಿಗಾಗಿ 2014ರಲ್ಲೇ 'ಶಟ್' ಎಂಬ ಚಿಕಿತ್ಸಾಲಯ ತೆರೆಯಬೇಕಾಯಿತು. ಕೆಂಗಲ್ಲಿನ ತಾಯಿ ಅಲ್ಲಿಗೆ ಮುಟ್ಟಬೇಕಾದರೆ ಒಂದು ದಿನದ ಕೂಲಿ ಬಿಟ್ಟು, ಬರಲೊಲ್ಲದ ಮಗನನ್ನು ಒಲಿಸಿಕೊಂಡು ಬಸ್ಸು ಹತ್ತಬೇಕು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟವರು ಬೆಂಗಳೂರಿನ ಈ ಚಿಕಿತ್ಸೆಯನ್ನೂ ಇತ್ತ ತರಲಿ. ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಕೂಲಿ ಕೆಡದ ಹೊತ್ತಿನಲ್ಲಿ, ಇದಕ್ಕೆಂದೇ ತರಬೇತಾದ ವೈದ್ಯರು ಕೂರಲಿ. ಸರ್ಕಾರದ ನೆರವು ಪಡೆಯುವ ಕಂಪನಿಗೆ ಮಕ್ಕಳನ್ನು ಕಟ್ಟಿಹಾಕುವ ಬಹುಮಾನ, ಪೆಟ್ಟಿಗೆಗಳನ್ನು ಕೈಬಿಡಬೇಕೆಂಬ ಷರತ್ತಿರಲಿ. ಗಣಿತಕ್ಕೆ ಬಿಟ್ಟುಕೊಟ್ಟ ಆಟದ ಪಿರಿಯಡ್ಡನ್ನು ಶಾಲೆಗಳು ಮಕ್ಕಳಿಗೆ ಹಿಂದಿರುಗಿಸಲಿ.

ಅಲ್ಲಿಯವರೆಗೆ ತಾಯಂದಿರು ಟೆಲಿ-ಮಾನಸ್‌ನ 14416ಕ್ಕೆ ಫೋನು ಮಾಡಬಹುದು. ಬಿಟ್ಟಿ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ.