ಪರಮಾಣುವಿನ ಅಲೆಯೂ ಮಳವಳ್ಳಿಯ ರಸ್ತೆಯೂ

ಮದ್ದೂರಿನಿಂದ ಮಂಡ್ಯಕ್ಕೆ ಹೊರಟ ರೈಲಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕುಳಿತಿರುವೆವೆಂದು ಭಾವಿಸೋಣ. ಉಪಗ್ರಹಗಳ ಸಂಕೇತವೂ ದೊರೆಯದು. ಆಗಲೂ ಗಾಡಿಯ ವೇಗೋತ್ಕರ್ಷವನ್ನು ಬಿಡದೆ ಅಳೆಯುತ್ತಿದ್ದರೆ, ಎಷ್ಟು ದೂರ ಬಂದೆವೆಂದು ಲೆಕ್ಕಹಾಕಬಹುದು. ಆದರೆ ಆ ಅಳತೆಯಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರಿನ ತಪ್ಪು ಸತತವಾಗಿ ನಿಂತರೆ, ಇಪ್ಪತ್ತು ನಿಮಿಷಗಳಲ್ಲಿ ಅದು 7.2 ಕಿಲೋಮೀಟರಿಗೆ ಬೆಳೆದಿರುತ್ತದೆ! ವಿದ್ಯಾರ್ಥಿಗಳು ½at² ಸೂತ್ರದಿಂದ ತಾವೇ ಗುಣಿಸಿ ನೋಡಬಹುದು.

ಈ ತಪ್ಪನ್ನು ಕುಗ್ಗಿಸಬಲ್ಲ ಉಪಕರಣಗಳಲ್ಲಿ ಪರಮಾಣು ವ್ಯತಿಕರಣಮಾಪಕವೂ ಒಂದು. ಲೇಸರ್ ಬೆಳಕಿನಿಂದ ತಣಿಸಿದ ರುಬಿಡಿಯಂ ಪರಮಾಣುಗಳನ್ನು ನಿರ್ವಾತದಲ್ಲಿ ಬೀಳಬಿಟ್ಟು, ಮೂರು ಲೇಸರ್ ಮಿಡಿತಗಳಿಂದ ಅವುಗಳ ಅಲೆಯನ್ನು ಸೀಳಿ, ತಿರುಗಿಸಿ, ಮರಳಿ ಕೂಡಿಸುತ್ತಾರೆ. ಪರಮಾಣುಗಳು ಯಾರ ಹಂಗೂ ಇಲ್ಲದೆ ಬೀಳುತ್ತಿರುವಾಗ, ವಾಹನಕ್ಕೆ ಬಿಗಿದ ಕನ್ನಡಿಯು ಎಷ್ಟು ಸರಿಯಿತೆಂಬುದು ವ್ಯತಿಕರಣದ ಪಟ್ಟೆಗಳಲ್ಲಿ ಮೂಡುತ್ತದೆ. ಅಮೆರಿಕದ ಕಸೆವಿಚ್ ಮತ್ತು ಚು ಇದನ್ನು 1991ರಲ್ಲಿ ಸೋಡಿಯಂ ಪರಮಾಣುಗಳಿಂದ ಸಾಧಿಸಿ ತೋರಿಸಿದರು.

ಇನ್ನು ಹಳೆಯ ಮಾಪಕಗಳನ್ನು ಮೂಲೆಗೆ ಎಸೆಯಬಹುದೆಂದು ಕೆಲವರು ಹಿಗ್ಗುತ್ತಾರೆ. ನಮಗೆ ಈ ಮಾತು ಒಪ್ಪಿಗೆಯಿಲ್ಲ. ಮಿಡಿತಗಳ ನಡುವೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರವಿದ್ದರೆ, ಸೆಕೆಂಡಿಗೆ ಸೆಕೆಂಡಿಗೆ ಸುಮಾರು 4 ಮಿಲಿಮೀಟರಿಗೆ ಒಂದು ಪಟ್ಟೆ ಸರಿಯುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋದವರಿಗೆ ಕುಲುಕಾಟವೆಂದರೇನೆಂದು ವಿವರಿಸಬೇಕಾಗಿಲ್ಲ. ಸೆಕೆಂಡಿಗೆ ಸೆಕೆಂಡಿಗೆ 1 ಮೀಟರಿನಷ್ಟು ಕುಲುಕಿದರೆ 250 ಪಟ್ಟೆಗಳು ಸರಿದುಹೋಗುತ್ತವೆ. ಯಾವ ಪಟ್ಟೆಯಲ್ಲಿದ್ದೇವೆಂದು ಪರಮಾಣು ಹೇಳಲಾರದು. ಅದು ನಿಮಿಷದ ಮುಳ್ಳು ಮಾತ್ರವೇ ಇರುವ ಗಡಿಯಾರ. ಗಂಟೆಯ ಮುಳ್ಳಿನ ಕೆಲಸಕ್ಕೆ ಹಳೆಯ ಮಾಪಕವೇ ಬೇಕು. 2011ರಲ್ಲಿ ವರದಿಯಾದ ಫ್ರೆಂಚರ ವಿಮಾನ ಪ್ರಯೋಗದಲ್ಲಿಯೂ ಎರಡನ್ನೂ ಜೊತೆಗೂಡಿಸಿಯೇ ಅಳೆದರು.

ಇನ್ನೊಂದು ತೊಡಕುಂಟು. ಗುರುತ್ವವೂ ವೇಗೋತ್ಕರ್ಷವೂ ಉಪಕರಣಕ್ಕೆ ಒಂದೇ. ಮಟ್ಟವಾಗಿರಬೇಕಾದ ಉಪಕರಣ ಮೀಟರಿಗೆ ಒಂದು ಮಿಲಿಮೀಟರಿನಷ್ಟು ಓರೆಯಾಯಿತೆನ್ನಿ. ಗುರುತ್ವದ ಸಾವಿರದ ಒಂದು ಪಾಲು ಅಳತೆಯಲ್ಲಿ ನುಸುಳಿ, ಮೊದಲು ಹೇಳಿದ ಏಳು ಕಿಲೋಮೀಟರಿನ ತಪ್ಪು ಮರಳಿ ಬಂದು ಕೂಡುತ್ತದೆ. ಪರಮಾಣುಗಳು ಎಷ್ಟೇ ತಣ್ಣಗಿದ್ದರೂ ಓರೆಯನ್ನು ಬೇರೆಯಾಗಿ ಅಳೆಯದೆ ವಿಧಿಯಿಲ್ಲ.

ನಮ್ಮ ಸರಕಾರವು 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003 ಕೋಟಿ ರೂಪಾಯಿಗಳಿಗೂ ಮಿಕ್ಕಿ ಮಂಜೂರು ಮಾಡಿತು. ಸಂವೇದಕಗಳೂ ಅದರ ಒಂದು ವಿಭಾಗ. ಅಲುಗದ ಮೇಜಿನ ಮೇಲೆ ದೊರೆತ ಅಂಕಿಗಳೊಡನೆ, ಓಡುವ ಗಾಡಿಯಲ್ಲಿ ದೊರೆತ ಅಂಕಿಗಳನ್ನೂ, ಅವು ಎಷ್ಟೇ ಕೆಟ್ಟದಾಗಿರಲಿ, ಪ್ರಕಟಿಸಬೇಕೆಂಬುದು ನಮ್ಮ ಆಗ್ರಹ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿಯೇ ತೊಡಗಬಹುದು. ಮದ್ದೂರಿನಿಂದ ಮಂಡ್ಯದವರೆಗೆ ಹಳಿಯ ಪಕ್ಕದ ಕಿಲೋಮೀಟರ್ ಗುರುತುಗಳು ಲೆಕ್ಕದ ತಪ್ಪನ್ನು ಹೆಜ್ಜೆಹೆಜ್ಜೆಗೂ ತೋರಿಸಿಕೊಡುತ್ತವೆ. ಅಲ್ಲಿ ಗೆದ್ದ ಮೇಲೆ ಮಳವಳ್ಳಿಯ ಬಸ್ಸು ಹತ್ತಿಸೋಣ.